ಗಂಡಸರ ಆಪರೇಷನ್ ಮತ್ತು ಮೂಟೆ ಹೊರುವ ಶಕ್ತಿ

'ನನ್ನ ಎರಡು ಹೆರಿಗೆಯೂ ಸಿಜೇರಿಯನ್. ಇನ್ನು ಮಕ್ಕಳು ಸಾಕು, ನಾನೇ ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದು ಯಜಮಾನರು ಒಪ್ಪಿದ್ದಾರೆ. ಅವರದು ಮಾರುಕಟ್ಟೆಯಲ್ಲಿ ಹಮಾಲಿ ಕೆಲಸ. ಗಂಡಸುತನ ಹೋಗುತ್ತದೆ, ಮೂಟೆ ಎತ್ತಲಾಗುವುದಿಲ್ಲ ಎಂದು ಅತ್ತೆ ಅಳುತ್ತಿದ್ದಾರೆ. ನಿಜವೇ?'
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಸಹೋದರಿ,

ನಿಜವಲ್ಲ. ಆದರೆ ನಿಮ್ಮ ಅತ್ತೆಯವರಿಗೆ ಇಷ್ಟು ಹೇಳಿದರೆ ಸಾಲದು. ಅವರದು ಮನೆಯ ಅನ್ನದ ಚಿಂತೆ. ಇದನ್ನು ಅವರಿಗೆ ಪೂರ್ತಿ ಓದಿ ಹೇಳಿ.

ವೃಷಣಗಳಿಗೆ ಎರಡು ಕೆಲಸ. ಒಂದು, ವೀರ್ಯಾಣುಗಳ ತಯಾರಿ. ಅದಕ್ಕೆ ಮೈಯ ಶಾಖಕ್ಕಿಂತ ಎರಡು ಮೂರು ಡಿಗ್ರಿ ತಂಪು ಬೇಕು. ಆದ್ದರಿಂದಲೇ ಅವು ಹೊಟ್ಟೆಯೊಳಗಿರದೆ ಹೊರಗಿನ ಚೀಲದಲ್ಲಿವೆ. ಚಳಿಯಾದರೆ ಮೇಲಕ್ಕೆ ಸರಿಯುತ್ತವೆ, ಸೆಕೆಯಾದರೆ ಇಳಿಯುತ್ತವೆ. ಒಂದು ವೀರ್ಯಾಣು ರೂಪುಗೊಳ್ಳಲು ಎರಡು ತಿಂಗಳಿಗೂ ಹೆಚ್ಚು ಹಿಡಿಯುತ್ತದೆ. ಬಳಿಕ ಅದು ವೃಷಣದ ಬೆನ್ನಿಗೆ ಅಂಟಿರುವ, ಬಿಡಿಸಿದರೆ ಸುಮಾರು 6 ಮೀಟರ್ ಉದ್ದವಾಗುವ ಸುರುಳಿಯಲ್ಲಿ ಬಲಿತು ವೀರ್ಯನಾಳಕ್ಕೆ ಸೇರುತ್ತದೆ.

ಇನ್ನೊಂದು ಕೆಲಸ, ಟೆಸ್ಟೊಸ್ಟೆರಾನ್ ಎಂಬ ಹಾರ್ಮೋನಿನ ತಯಾರಿ. ಗಡ್ಡ, ಮೀಸೆ, ದನಿ, ತೋಳಿನ ಬಲ, ದಾಂಪತ್ಯದ ಆಸೆ ಎಲ್ಲಕ್ಕೂ ಇದು ಬೇಕು. ಇದಕ್ಕೆ ವೀರ್ಯನಾಳದ ಹಂಗಿಲ್ಲ, ನೇರವಾಗಿ ರಕ್ತಕ್ಕೆ ಇಳಿಯುತ್ತದೆ. ವ್ಯಾಸೆಕ್ಟಮಿ, ಅಂದರೆ ಗಂಡಸರ ಈ ಆಪರೇಷನ್‌ನಲ್ಲಿ ಕತ್ತರಿಸಿ ಕಟ್ಟುವುದು ವೀರ್ಯನಾಳವನ್ನು ಮಾತ್ರ. ವೃಷಣವನ್ನು ಮುಟ್ಟುವುದೇ ಇಲ್ಲ. ವೀರ್ಯದ ಬಹುಪಾಲು ದ್ರವವೂ ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳಿಂದ ಬರುವುದರಿಂದ ಸ್ಖಲನದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸವಿರುವುದಿಲ್ಲ. ಹೊರಬರದ ವೀರ್ಯಾಣುಗಳು ದೇಹದಲ್ಲೇ ಕರಗುತ್ತವೆ.

ಅತ್ತೆಯವರ ಭಯವನ್ನು ನಾನು ಹಗುರವಾಗಿ ಕಾಣಲಾರೆ. ತುರ್ತುಪರಿಸ್ಥಿತಿಯ ದಿನಗಳಲ್ಲಿ ಗಂಡಸರನ್ನು ಬಲವಂತವಾಗಿ ಈ ಆಪರೇಷನ್‌ಗೆ ಒಯ್ದ ನೆನಪು ಈ ದೇಶಕ್ಕೆ ಮಾಸಿಲ್ಲ. ಆದರೆ ಆ ಭಯದ ಭಾರವೆಲ್ಲ ಹೆಂಗಸರ ಮೇಲೆ ಬಿದ್ದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಹೆಣ್ಣಿನ ಸಂತಾನಹರಣ ಚಿಕಿತ್ಸೆಯನ್ನು ನೆಚ್ಚಿದ ದಂಪತಿಗಳು ಶೇ 37.9, ಗಂಡಿನದನ್ನು ನೆಚ್ಚಿದವರು ಶೇ 0.3. ಹೆಣ್ಣಿಗೆ ಹೊಟ್ಟೆಯೊಳಗೇ ಕೈಹಾಕಬೇಕು. ಗಂಡಿಗಾದರೆ ಚೀಲದ ಚರ್ಮದಲ್ಲಿ ಸಣ್ಣದೊಂದು ರಂಧ್ರ, ಆ ಜಾಗಕ್ಕಷ್ಟೇ ಮರಗಟ್ಟಿಸುವ ಚುಚ್ಚುಮದ್ದು, ಸುಮಾರು ಅರ್ಧ ಗಂಟೆಯ ಕೆಲಸ. ಎರಡು ಸಿಜೇರಿಯನ್ ಆದ ನಿಮ್ಮ ಬದಲು ತಾವೇ ಮುಂದೆ ಬಂದ ನಿಮ್ಮ ಯಜಮಾನರ ಬಗ್ಗೆ ನನಗೆ ಗೌರವ ಮೂಡಿದೆ.

ಇದನ್ನು ಶಾಶ್ವತವೆಂದೇ ತಿಳಿದು ನಿರ್ಧರಿಸಿ. ನಾಳವನ್ನು ಮತ್ತೆ ಜೋಡಿಸಿದರೂ ಮಗುವಾಗುವ ಖಾತ್ರಿಯಿಲ್ಲ. ಎರಡು ದಿನ ವಿಶ್ರಾಂತಿ ಬೇಕು. ಮೂಟೆಯನ್ನು ಒಂದು ವಾರ ಮುಟ್ಟಬಾರದು, ಆಮೇಲೆ ವೈದ್ಯರನ್ನು ಕೇಳಿ ಹೊರಬಹುದು. ಅನೇಕರು ಎಡವುವುದು ಮುಂದಿನ ವಿಷಯದಲ್ಲಿ: ನಾಳದಲ್ಲಿ ಹಳೆಯ ವೀರ್ಯಾಣುಗಳು ಉಳಿದಿರುತ್ತವೆ. ಮೂರು ತಿಂಗಳ ನಂತರ ವೀರ್ಯ ಪರೀಕ್ಷೆ ಮಾಡಿಸಿ, ಅವು ಇಲ್ಲವೆಂಬ ವರದಿ ಕೈಗೆ ಬರುವವರೆಗೆ ನಿರೋಧ್ ಬಳಸಲೇಬೇಕು.

– ಸಂಪಾದಕ