ಮೂರು ತಿಂಗಳ ಲೆಕ್ಕ, ಹತ್ತು ವರ್ಷದ ಲೆಕ್ಕ

ಬೆಂಗಳೂರಿನ ಪೀಣ್ಯದ ಪಂಪ್ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವ ಓದುಗರೊಬ್ಬರ ಪತ್ರ ಬಂದಿದೆ. ಮೂರು ತಿಂಗಳು ಆರ್ಡರ್ ಕಡಿಮೆಯಾಯಿತಂತೆ. ಮಾಲೀಕರು ಮೊದಲು ನಿಲ್ಲಿಸಿದ್ದು ಹೊಸ ಪಂಪಿನ ಪ್ರಯೋಗವನ್ನು. "ಸಂಶೋಧನೆ ಅನ್ನುವುದು ನಮ್ಮವರ ಬುದ್ಧಿಯಲ್ಲೇ ಇಲ್ಲ, ಅಲ್ವಾ ಸಾರ್?" ಎಂದು ಕೇಳಿದ್ದಾರೆ.

ನಿಮ್ಮ ಬೇಸರ ನಿಜ. ಆದರೆ ಬುದ್ಧಿಯ ಮೇಲೆ ತಪ್ಪು ಹಾಕುವುದು ಸುಲಭ, ಅಷ್ಟೇ.

ಯೋಚಿಸುವ ರೀತಿ ನಾಡಿನಿಂದ ನಾಡಿಗೆ ಬೇರೆಯಾಗುವುದಂತೂ ಹೌದು. 2001ರಲ್ಲಿ ಮಸುದಾ ಮತ್ತು ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಜಪಾನ್ ಮತ್ತು ಅಮೆರಿಕದ ವಿದ್ಯಾರ್ಥಿಗಳಿಗೆ ನೀರೊಳಗಿನ ದೃಶ್ಯ ತೋರಿಸಿದರು. ಅಮೆರಿಕದವರ ಕಣ್ಣು ಮುಖ್ಯವಾಗಿ ಮೀನಿನ ಮೇಲಿತ್ತು. ಜಪಾನಿನವರು ಸುತ್ತಲಿನ ನೀರು, ಗಿಡದ ಬಗ್ಗೆಯೂ ಜಾಸ್ತಿ ಹೇಳಿದರು. 2014ರಲ್ಲಿ ಟಾಲ್‌ಹೆಲ್ಮ್ ಎಂಬ ಸಂಶೋಧಕರ ತಂಡಕ್ಕೆ ಚೀನಾದ ಒಳಗೇ ಇಂಥ ವ್ಯತ್ಯಾಸ ಕಂಡಿತು. ಎಲ್ಲವನ್ನೂ ಸೇರಿಸಿ ನೋಡುವ ಅಭ್ಯಾಸ ಗೋಧಿ ಸೀಮೆಗಿಂತ ಭತ್ತದ ಸೀಮೆಯಲ್ಲಿ ಹೆಚ್ಚು. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕೇ? ನಾಲೆ ನೀರಿನ ಗದ್ದೆಯಲ್ಲಿ ಪಕ್ಕದವರ ಸರದಿ ನೋಡದೆ ತೂಬು ಎತ್ತುವ ಹಾಗಿಲ್ಲ.

ಈ ಅಭ್ಯಾಸ ದುಡ್ಡಿನ ವಿಷಯಕ್ಕೂ ಬರುತ್ತದೆ. 2008ರ ಒಂದು ಅಧ್ಯಯನದಲ್ಲಿ ಕೆನಡಾದವರು ಬೆಲೆ ಬೀಳುತ್ತಿರುವ ಷೇರನ್ನು ಮಾರಲು ಮುಂದಾದರು. ಚೀನಾದವರು ಏರುತ್ತಿರುವುದನ್ನು ಮಾರಲು ಹೆಚ್ಚು ತಯಾರಿದ್ದರು. ಏರಿದ್ದು ಇಳಿಯಲೇಬೇಕು, ಇಳಿದದ್ದು ಏರಲೇಬೇಕು ಎಂಬ ಲೆಕ್ಕ ಅದು. ಹಾಗೆ ನೋಡಿದರೆ ಆರ್ಡರ್ ಬಿದ್ದಾಗಲೇ ನಿಮ್ಮ ಮಾಲೀಕರು ಪ್ರಯೋಗ ಮುಂದುವರಿಸಬೇಕಿತ್ತು! ಆದರೆ ಎಲ್ಲವನ್ನೂ ಸೇರಿಸಿ ನೋಡುವವರಿಗೆ ಬ್ಯಾಂಕ್ ಸಾಲ, ಕೆಲಸದವರ ಸಂಬಳ, ಮಗಳ ಮದುವೆ ಎಲ್ಲವೂ ಒಟ್ಟಿಗೇ ಕಣ್ಣಿಗೆ ಬೀಳುತ್ತವೆ. ಒಂದೇ ಅಭ್ಯಾಸ ಎರಡೂ ಕಡೆ ಎಳೆಯಬಹುದು.

ಯೋಚಿಸುವ ರೀತಿಯೇ ಕಾರಣ ಅನ್ನೋಣವೆಂದರೆ, ದಕ್ಷಿಣ ಕೊರಿಯಾವೂ ಭತ್ತದ ಸೀಮೆಯೇ. ಅಲ್ಲಿ ಸಂಶೋಧನೆಗೆ ಜಿಡಿಪಿಯ ಸುಮಾರು 5% ಹೋಗುತ್ತದೆ. ನಮ್ಮದು 2020-21ರಲ್ಲಿ 0.64%.

ಇನ್ನು ನಿಮ್ಮದೇ ಲೆಕ್ಕದ ಪುಸ್ತಕ ತೆಗೆಯಿರಿ. ಲೇತ್ ಕೊಂಡರೆ ಸವಕಳಿ ಎಂದು ಹಲವು ವರ್ಷಕ್ಕೆ ಹಂಚುತ್ತೀರಿ. ಸಂಶೋಧನೆಗೆ ಕೊಟ್ಟ ಸಂಬಳ ಮಾತ್ರ ಈ ವರ್ಷದ ಲಾಭದಲ್ಲೇ ಪೂರ್ತಿ ಕಳೆಯುತ್ತದೆ. ಒಪ್ಪಿಗೆ ಪಡೆದ ಸ್ವಂತ ಪ್ರಯೋಗಾಲಯದ ಖರ್ಚಿಗೆ ಮೊದಲು 200% ತೆರಿಗೆ ಕಡಿತ ಇತ್ತು, ಅಂದರೆ ನೂರು ರೂಪಾಯಿ ಖರ್ಚು ಮಾಡಿದರೆ ತೆರಿಗೆ ಲೆಕ್ಕದ ಆದಾಯದಲ್ಲಿ ಇನ್ನೂರು ಕಳೆಯಬಹುದಿತ್ತು. 2017-18ರಿಂದ 150% ಆಯಿತು, 2020-21ರಿಂದ 100%. ನನ್ನ ಕೇಳಿದರೆ, ಮಾಲೀಕರ ಕೈ ಕಟ್ಟಿಹಾಕುವುದರಲ್ಲಿ ಸಂಸ್ಕೃತಿಗಿಂತ ಇದರ ಪಾಲೇ ದೊಡ್ಡದು.

ಮುಂದಿನ ಸಲ ಅವರ ಮುಂದೆ ಮೂರು ತಿಂಗಳ ಹಾಳೆ ಇಡಬೇಡಿ. ಹತ್ತು ವರ್ಷದ ಆರ್ಡರ್ ಪುಸ್ತಕ ಇಡಿ. ಈಗ ಚೆನ್ನಾಗಿ ಓಡುತ್ತಿರುವ ಪಂಪು ಯಾವ ವರ್ಷದ ಪ್ರಯೋಗದಿಂದ ಬಂತು ಎಂದು ಸುಮ್ನೆ ಕೇಳಿ ನೋಡಿ. ಏನಂದರು ಅಂತ ನಮಗೂ ಬರೆಯಿರಿ.

– ಸಂ.