ಹಳೆಯ ಮನೆಗಳ ಸಾಮಾನು ಮತ್ತು ಸ್ವಯಂಸೇವಕರ ನೆರವಿನಿಂದ ಮಲೆನಾಡಿನಲ್ಲಿ ಮನೆ, ಕೈತೋಟ ಮಾಡಿಕೊಳ್ಳಬಹುದೇ?

ಸಾಗರ ತಾಲ್ಲೂಕಿನಲ್ಲಿ ಎರಡು ಎಕರೆ ಜಮೀನು ಕೊಂಡಿದ್ದೀರಿ. ಕಿತ್ತ ಮನೆಗಳ ಹೆಂಚು, ಮರಮುಟ್ಟು ಬಳಸಿ, ಬೆಂಗಳೂರಿನ ಗೆಳೆಯರು ಮತ್ತು ವಿದ್ಯಾರ್ಥಿಗಳ ನೆರವಿನಿಂದ ಬರುವ ಬೇಸಿಗೆಯೊಳಗೆ ಒಂದು ಸಣ್ಣ ಮನೆಯನ್ನೂ ಕೈತೋಟವನ್ನೂ ಮಾಡಿ ಮುಗಿಸಬೇಕೆಂದಿದ್ದೀರಿ. ಇದರಿಂದ ಖರ್ಚು ಉಳಿಯುತ್ತದೆಯೇ, ಎಲ್ಲಿಂದ ಆರಂಭಿಸಬೇಕು ಎಂಬುದು ನಿಮ್ಮ ಪ್ರಶ್ನೆ. ನಾನೂ ನನ್ನ ಪತಿಯೂ ಅದೇ ತಾಲ್ಲೂಕಿನಲ್ಲಿ ಇಂಥದೇ ಮನೆಯೊಂದನ್ನು ಕಟ್ಟಿಕೊಂಡು ಈಗ ಅದರಲ್ಲೇ ವಾಸವಾಗಿದ್ದೇವೆ. ನಮಗೆ ಮೂರು ಬೇಸಿಗೆಗಳು ಬೇಕಾದವು. ಹಣ ಉಳಿಯಿತು, ಆದರೆ ಸಾಮಾನು ಬರುವ ಮೊದಲು ಮತ್ತು ಜನ ಬರುವ ಮೊದಲು ನಾವು ಮಾಡಿಟ್ಟುಕೊಂಡ ಸಿದ್ಧತೆ ಎಲ್ಲಿ ಸರಿಯಾಗಿತ್ತೋ ಅಲ್ಲಿ ಮಾತ್ರ ಉಳಿಯಿತು. ಆದ್ದರಿಂದ ಒಂದೇ ಬೇಸಿಗೆಯ ಯೋಜನೆಯನ್ನು ದಯವಿಟ್ಟು ಕೈಬಿಡಿ.

ಹೊಸ ಸಾಮಾನಿನಲ್ಲಿ ಕಟ್ಟುವವರು ಮೊದಲು ನಕ್ಷೆ ಬರೆಸಿ ಆಮೇಲೆ ಸಾಮಾನು ತರಿಸುತ್ತಾರೆ. ಹಳೆಯ ಸಾಮಾನಿನಲ್ಲಿ ಕಟ್ಟುವವರು ಇದನ್ನು ತಿರುವುಮುರುವಾಗಿ ಮಾಡಬೇಕಾಗುತ್ತದೆ, ಏಕೆಂದರೆ ಸಿಕ್ಕಿದ ತೊಲೆಯ ಉದ್ದವೇ ಕೋಣೆಯ ಅಗಲವನ್ನೂ, ಸಿಕ್ಕಿದ ಬಾಗಿಲಿನ ದಾರಂದವೇ ಗೋಡೆಯಲ್ಲಿ ಬಿಡಬೇಕಾದ ಜಾಗವನ್ನೂ ಗೊತ್ತುಮಾಡುತ್ತದೆ. ನಾವು ಹನ್ನೆರಡು ಅಡಿ ಅಗಲದ ಜಗಲಿಯ ನಕ್ಷೆ ಬರೆಸಿಟ್ಟುಕೊಂಡು ತೊಲೆ ಹುಡುಕಲು ಹೊರಟೆವು. ಸಿಕ್ಕಿದ ಒಳ್ಳೆಯ ತೊಲೆಗಳೆಲ್ಲ ಹತ್ತು ಅಡಿಯವು. ಎರಡು ತಿಂಗಳು ಅಲೆದ ಮೇಲೆ ಜಗಲಿಯನ್ನೇ ಹತ್ತು ಅಡಿಗೆ ಇಳಿಸಿದೆವು. ಆ ಎರಡು ತಿಂಗಳ ಓಡಾಟ ನಿಮಗೆ ಬೇಡ.

ಹೆಂಚಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯಲ್ಲಿ ಅಂಥ ಕಾರ್ಖಾನೆಗಳು ಒಂದಾದ ಮೇಲೊಂದು ಹುಟ್ಟಿಕೊಂಡವು. ಅವುಗಳ ಹೆಂಚು ಘಟ್ಟ ಹತ್ತಿ ಮಲೆನಾಡಿನ ಮನೆಗಳನ್ನೂ ಹೊದೆಯಿತು. ಎಲ್ಲವನ್ನೂ ಮಂಗಳೂರು ಹೆಂಚು ಎಂದೇ ಕರೆಯುತ್ತೇವಾದರೂ ಒಂದು ಕಾರ್ಖಾನೆಯ ಹೆಂಚಿನ ಗಾಡಿ, ಅಂದರೆ ಅಂಚಿನ ತೋಡು, ಇನ್ನೊಂದರ ಹೆಂಚಿಗೆ ಸರಿಯಾಗಿ ಕೂರುವುದಿಲ್ಲ. ನಾವು ಮೂರು ಕಡೆಯಿಂದ ತಂದ ಹೆಂಚನ್ನು ಬೆರೆಸಿ ಹೊದೆಸಿದ ಮೂಲೆಯಲ್ಲಿ ಮೊದಲ ಮಳೆಗೇ ನೀರು ಸೋರಿತು. ಆಮೇಲೆ ಅಷ್ಟನ್ನೂ ಇಳಿಸಿ, ಹೆಂಚಿನ ಮೇಲೆ ಒತ್ತಿರುವ ಮುದ್ರೆ ನೋಡಿ ಗುಂಪು ಮಾಡಿ, ಮಾಡಿನ (ಛಾವಣಿಯ) ಒಂದೊಂದು ಇಳಿಜಾರಿಗೆ ಒಂದೊಂದು ಗುಂಪನ್ನು ಹಾಕಿದೆವು. ನೂರು ಚದರಡಿ ಮಾಡಿಗೆ ಸುಮಾರು 150 ಹೆಂಚು ಬೇಕಾಗುತ್ತದೆ. ಇಳಿಜಾರನ್ನೂ ಸೂರಿನ ಚಾಚನ್ನೂ ಸೇರಿಸಿ ಅಳೆಯಿರಿ, ನೆಲದ ಅಳತೆಯಿಂದ ಲೆಕ್ಕ ಹಾಕಬೇಡಿ. ನಮ್ಮ ಮಾಡಿಗೆ 2,000 ಹೆಂಚು ಸಾಕಾಗಿತ್ತು, ಆದರೆ ಲಾರಿಯಲ್ಲಿ ಹುಲ್ಲು ಹಾಸದೆ ಅಡ್ಡಡ್ಡ ಪೇರಿಸಿ ತಂದುದರಿಂದ ಮೊದಲ ಸಲ ತಂದ ಹೆಂಚಿನಲ್ಲಿ ಮೂರನೆಯ ಒಂದು ಪಾಲು ಒಡೆದುಹೋಯಿತು. ಹೆಂಚನ್ನು ಯಾವಾಗಲೂ ಅಂಚಿನ ಮೇಲೆ ನಿಲ್ಲಿಸಿಯೇ ಜೋಡಿಸಬೇಕು. ಒಂದೊಂದನ್ನೂ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ. ಗಟ್ಟಿ ಹೆಂಚು ಕಂಚಿನಂತೆ ಸದ್ದು ಮಾಡುತ್ತದೆ, ಬಿರುಕು ಬಿಟ್ಟದ್ದು ಮಂಕಾಗಿ ನುಡಿಯುತ್ತದೆ. ಮಂಗಗಳು ಮಾಡಿನ ಮೇಲೆ ಹಾರಾಡುವ ಊರಾದುದರಿಂದ ಇನ್ನೂರು ಹೆಂಚನ್ನು ಹೆಚ್ಚಿಗೆ ಇಟ್ಟುಕೊಳ್ಳುವುದು ಅಗತ್ಯ.

ಮರದಲ್ಲಿ ನೋಡಬೇಕಾದದ್ದು ಗೆದ್ದಲು ಮತ್ತು ಮೊಳೆ. ಕಂಬದ ಬುಡಕ್ಕೂ ಗೋಡೆಯೊಳಗೆ ಹುದುಗಿದ್ದ ತೊಲೆಯ ತುದಿಗೂ ದಬ್ಬಳ ಚುಚ್ಚಿ ನೋಡಿದರೆ ಒಳಗೆ ಟೊಳ್ಳಾಗಿದೆಯೇ ಎಂಬುದು ಗೊತ್ತಾಗುತ್ತದೆ. ತುದಿಯ ಒಂದಡಿ ಕೆಟ್ಟಿದ್ದರೆ ಕತ್ತರಿಸಿ ಉಳಿದದ್ದನ್ನು ಬಳಸಬಹುದು. ಗರಗಸಕ್ಕೆ ಕೊಡುವ ಮೊದಲು ಮೊಳೆಗಳನ್ನೆಲ್ಲ ಕೀಳಿಸಿ, ಬುಡಕ್ಕೂ ತುದಿಗಳಿಗೂ ಗೇರು ಎಣ್ಣೆ ಬಳಿಸಿ. ಈ ಎಣ್ಣೆ ಚರ್ಮಕ್ಕೆ ತಗುಲಿದರೆ ಸುಟ್ಟಂತೆ ಗುಳ್ಳೆ ಏಳುವುದರಿಂದ ಅನುಭವವಿಲ್ಲದ ಹುಡುಗರ ಕೈಗೆ ಅದನ್ನು ಕೊಡಬಾರದು. ತೇಗ, ಬೀಟೆಯಂಥ ಮರ ಹಳೆಯ ಮನೆಯದೇ ಆದರೂ ಸಾಗಿಸುವ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ರಹದಾರಿಯ ವಿಚಾರ ಕೇಳಿಕೊಳ್ಳಿ. ಅಗ್ಗವಾಗಿ ಸಿಕ್ಕರೂ ತರಬಾರದ ಸಾಮಾನುಗಳೂ ಇವೆ: ಹಳೆಯ ವಿದ್ಯುತ್ ತಂತಿ ಮತ್ತು ಕಲ್ನಾರಿನ (ಆಸ್ಬೆಸ್ಟಾಸ್) ಶೀಟು. ಕಲ್ನಾರಿನ ಶೀಟನ್ನು ಕೊಯ್ಯುವಾಗ, ಒಡೆಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಬಹಳ ಅಪಾಯಕಾರಿ. ನಿಮ್ಮನ್ನು ನಂಬಿ ಬಂದವರಿಂದ ಅಂಥ ಕೆಲಸ ಮಾಡಿಸಬಾರದು.

ಕಟ್ಟುವ ಕ್ರಮದ ಬಗ್ಗೆ ನನ್ನ ಖಚಿತವಾದ ಅಭಿಪ್ರಾಯವೆಂದರೆ, ಮಳೆ ಹೆಚ್ಚಿರುವ ನಮ್ಮ ಸೀಮೆಯಲ್ಲಿ ಗೋಡೆಗಿಂತ ಮೊದಲು ಮಾಡು ಏಳಬೇಕು. ಕಲ್ಲಿನ ಪಂಚಾಂಗವನ್ನು, ಅಂದರೆ ಮನೆಯ ತಳದ ಕಟ್ಟೆಯನ್ನು, ನೆಲದಿಂದ ಎರಡು ಅಡಿ ಎತ್ತರಿಸಿ, ಅದರ ಮೇಲೆ ಕಂಬ ನಿಲ್ಲಿಸಿ, ಪಕಾಸು, ರೀಪು ಎಂಬ ಮರದ ಪಟ್ಟಿಗಳನ್ನು ಹೊಡೆದು ಹೆಂಚು ಹೊದೆಸಿಬಿಟ್ಟರೆ, ಅದರಡಿ ಸಾಮಾನೂ ಒಣಗಿರುತ್ತದೆ, ಜನಕ್ಕೂ ನೆರಳಾಗುತ್ತದೆ, ಏಪ್ರಿಲ್ ತಿಂಗಳಲ್ಲಿ ಗುಡುಗು-ಸಿಡಿಲಿನ ಮಳೆ ಬಂದರೂ ಅರ್ಧ ಎದ್ದ ಮಣ್ಣಿನ ಗೋಡೆ ಕರಗುವುದಿಲ್ಲ. ಪಂಚಾಂಗ, ಕಂಬ, ಮಾಡು ಇವು ಮೇಸ್ತ್ರಿಯ ಮತ್ತು ಆಚಾರಿಯ ಕೆಲಸ. ಅವರಿಗೆ ಪೂರ್ತಿ ಕೂಲಿ ಕೊಟ್ಟು ಮಾಡಿಸಬೇಕು. ಮಾಡಿನಡಿಯ ಗೋಡೆ ಸ್ವಯಂಸೇವಕರಿಗೆ ಒಪ್ಪುವ ಕೆಲಸ. ನಾವು ಕಿತ್ತ ಮನೆಯ ಗೋಡೆಯ ಮಣ್ಣನ್ನೇ ತಂದು, ಸಾರಣಿಸಿ, ನೀರು ಹಾಕಿ ನೆನೆಸಿ, ಕತ್ತರಿಸಿದ ಹುಲ್ಲು ಸೇರಿಸಿ ತುಳಿದು, ಮೂರು ನಾಲ್ಕು ದಿನ ಹುಳಿಯಲು ಬಿಟ್ಟು ಮತ್ತೆ ತುಳಿದು ಗೋಡೆ ಹಾಕಿದೆವು. ಒಂದು ಸುತ್ತಿಗೆ ಒಂದೂವರೆ ಅಡಿಯಷ್ಟು ಎತ್ತರ ಹಾಕಿ, ಅದು ಬಿಗಿದ ಮೇಲೆಯೇ ಮುಂದಿನ ಸುತ್ತು. ಹಿಂದೆ ಒಂದು ಸಲ ಗೋಡೆಯಾಗಿ ನಿಂತ ಮಣ್ಣು ಮತ್ತೆ ಗೋಡೆಯಾಗಲು ಹಿಂಜರಿಯುವುದಿಲ್ಲ. ಆದರೂ ಗೆದ್ದಲು ಹಿಡಿದಿದ್ದ ಗೋಡೆಯದನ್ನು ತರಬೇಡಿ. ಬಚ್ಚಲಿನ ಸುತ್ತ ಮಾತ್ರ ಸಿಮೆಂಟು ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆ ಬಳಸಿದೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ, ಗ್ರಾಮೀಣ ತಂತ್ರಜ್ಞಾನದ ಅಸ್ತ್ರ ಕೇಂದ್ರದವರು ಕೈಯಿಂದ ಒತ್ತುವ ಯಂತ್ರದೊಂದಿಗೆ ಈ ವಿಧಾನವನ್ನು ನಮ್ಮ ರಾಜ್ಯದಲ್ಲಿ ಬೆಳೆಸಿದರು. ಸಿಮೆಂಟು ನೂರಕ್ಕೆ ಏಳೆಂಟು ಪಾಲು ಸಾಕು, ಆದರೆ ಇಟ್ಟಿಗೆಯನ್ನು ಮೂರು ವಾರವಾದರೂ ಒದ್ದೆಯಾಗಿಟ್ಟು ಪಕ್ವಗೊಳಿಸಬೇಕು.

ಇನ್ನು ಸ್ವಯಂಸೇವಕರ ವಿಷಯ. ನಿಮ್ಮ ಪ್ರಶ್ನೆಯಲ್ಲಿ "ಕೂಲಿಯ ಖರ್ಚು ಇರುವುದಿಲ್ಲ" ಎಂಬ ಮಾತಿದೆ. ಇದನ್ನು ನಾನು ಒಪ್ಪಲಾರೆ. ಮಲೆನಾಡಿನಲ್ಲಿ ಮುಯ್ಯಾಳಿನ ಪದ್ಧತಿ ಹಿಂದಿನಿಂದಲೂ ಇದೆ: ನನ್ನ ಗದ್ದೆಯ ನಾಟಿಗೆ ನೀವು ಬಂದರೆ ನಿಮ್ಮ ಗದ್ದೆಯ ನಾಟಿಗೆ ನಾನು ಬರಬೇಕು. ಆ ಕೆಲಸಕ್ಕೆ ಹಣ ಕೊಡುವುದಿಲ್ಲ, ಆದರೆ ಅದು ಬಿಟ್ಟಿಯೂ ಅಲ್ಲ, ತೀರಿಸಬೇಕಾದ ಸಾಲ. ನೆರೆಯವರು ನಮ್ಮ ಮಾಡಿಗೆ ಹೆಂಚು ಏರಿಸಲು ಬಂದದ್ದಕ್ಕೆ ನಾವು ಅವರ ಮನೆಯಲ್ಲಿ ಎರಡು ವರ್ಷ ಅಡಿಕೆ ಸುಲಿಯಲು ರಾತ್ರಿ ಕೂತಿದ್ದೇವೆ. ದೂರದಿಂದ ಬಂದವರಿಗೆ ಈ ಸಾಲವನ್ನು ಒಳ್ಳೆಯ ಊಟ, ಮಲಗಲು ಒಣ ಜಾಗ, ಕಲಿಸುವ ತಾಳ್ಮೆ ಇವುಗಳಲ್ಲಿ ತೀರಿಸಬೇಕು. ಮೊದಲ ದಿನ ಕಲಿಯುವುದರಲ್ಲೇ ಕಳೆಯುವುದರಿಂದ ಒಂದು ವಾರಕ್ಕಿಂತ ಕಡಿಮೆ ಇರುವವರನ್ನು ಕಟ್ಟಡದ ಕೆಲಸಕ್ಕೆ ಕರೆಯಬೇಡಿ. ಒಂದು ಸಲಕ್ಕೆ ಆರು ಜನರಿಗಿಂತ ಹೆಚ್ಚು ಬೇಡ. ಬೆಳಿಗ್ಗೆ ಏಳರಿಂದ ಹನ್ನೊಂದೂವರೆಯವರೆಗೆ ಕೆಲಸ ಮಾಡಿಸಿ, ಬಿಸಿಲಿನ ಹೊತ್ತು ಬಿಟ್ಟುಬಿಡಿ. ಶೌಚಾಲಯ, ಸ್ನಾನದ ಮನೆ, ಕುಡಿಯುವ ನೀರಿನ ವ್ಯವಸ್ಥೆ ಮೊದಲ ಸ್ವಯಂಸೇವಕ ಬರುವ ಮುಂಚೆಯೇ ಆಗಿರಬೇಕು.

ಇಲ್ಲಿ ನಾನು ಒತ್ತಿ ಹೇಳಬೇಕಾದ ಒಂದು ಸಂಗತಿಯಿದೆ. ಎಂಟು ಜನರಿಗೆ ಮೂರು ಹೊತ್ತು ಬೇಯಿಸುವುದು ಒಬ್ಬರ ಇಡೀ ದಿನದ ದುಡಿಮೆ. ಮೊದಲ ಬೇಸಿಗೆಯಲ್ಲಿ ಆ ಕೆಲಸವೆಲ್ಲ ನನ್ನ ಮೇಲೆ ಬಿದ್ದು, ನನ್ನದೇ ಮನೆಯ ಒಂದು ಹಿಡಿ ಮಣ್ಣನ್ನೂ ನಾನು ಮುಟ್ಟಲಿಲ್ಲ. ಅದರ ದುಃಖ ಈಗಲೂ ಇದೆ. ಎರಡನೆಯ ಬೇಸಿಗೆಯಿಂದ ಗಂಡಸರೂ ಸೇರಿ ಪ್ರತಿದಿನ ಇಬ್ಬರು ಸರದಿಯ ಮೇಲೆ ಅಡುಗೆಗೆ ನಿಂತರು. ಹಾಗೆಯೇ ಊರಿನ ಕೂಲಿಕಾರರ ಮುಂದೆ ಪಟ್ಟಣದವರು ಪುಕ್ಕಟೆ ದುಡಿದರೆ ಅವರ ಅನ್ನಕ್ಕೆ ಕಲ್ಲು ಬೀಳುತ್ತದೆಯೇ ಎಂಬುದನ್ನೂ ಯೋಚಿಸಬೇಕಾಗುತ್ತದೆ. ಪಾಯ ತೋಡುವುದು, ಕಲ್ಲು ಹೊರುವುದು ಮೊದಲಾದ ಕೂಲಿಯ ಕೆಲಸವನ್ನು ನಾವು ಊರಿನವರಿಗೇ ಕೊಟ್ಟೆವು.

ಆರೋಗ್ಯದ ಬಗ್ಗೆ ನೀವು ಕೇಳಿಲ್ಲ, ಆದರೂ ಇದನ್ನು ಬಿಟ್ಟು ಮುಂದೆ ಹೋಗಲಾರೆ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ಹಲವರ ಜೀವ ತೆಗೆಯಿತು. ಉಣುಗುಗಳಿಂದ (ರಕ್ತ ಹೀರುವ ಸಣ್ಣ ಹುಳುಗಳಿಂದ) ಹರಡುವ ಈ ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ಸರಿಯಾಗಿ ನೀವು ಮನೆ ಕಟ್ಟುವ ಮತ್ತು ತೋಟಕ್ಕೆ ಕಾಡಿನಿಂದ ದರಗು (ಉದುರಿದ ಒಣ ಎಲೆ) ತರುವ ಕಾಲ. ಸ್ವಯಂಸೇವಕರನ್ನು ದರಗು ತರಲು ಕಾಡಿಗೆ ಕಳಿಸಬೇಡಿ. ಮೈ ಮುಚ್ಚುವ ಬಟ್ಟೆ, ಉಣುಗು ಕಚ್ಚದಂತೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ, ಸಂಜೆ ಬಿಸಿನೀರಿನ ಸ್ನಾನ ಇವನ್ನು ಕಡ್ಡಾಯ ಮಾಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಊರಿಗೆ ಮರಳಿದ ಮೇಲೆ ಜ್ವರ ಬಂದರೆ ತಾವು ಎಲ್ಲಿಂದ ಬಂದವರೆಂದು ವೈದ್ಯರಿಗೆ ಹೇಳಬೇಕೆಂದು ಪ್ರತಿಯೊಬ್ಬರಿಗೂ ತಿಳಿಸಿಯೇ ಕಳಿಸಿ.

ಕೈತೋಟವನ್ನು ಮನೆ ಮುಗಿದ ಮೇಲೆ ಮಾಡೋಣವೆಂದು ಕಾಯಬೇಡಿ. ಮನೆ ಏಳುವ ಮೂರು ವರ್ಷದಲ್ಲಿ ಹಲಸು, ನುಗ್ಗೆ, ಬೇಲಿಯ ಗೊಬ್ಬರದ ಗಿಡ ಎಲ್ಲವೂ ಆಳೆತ್ತರ ಬೆಳೆದಿರುತ್ತವೆ. ಮನೆಯ ಕೆಲಸದಲ್ಲಿ ಮಿಕ್ಕ ಸಾಮಾನಿಗೂ ತೋಟದಲ್ಲಿ ಜಾಗವಿದೆ: ಒಡೆದ ಹೆಂಚನ್ನು ಏರುಮಡಿಗಳ ಅಂಚಿಗೆ ನೆಟ್ಟರೆ ಜಡಿಮಳೆಯಲ್ಲಿ ಮಣ್ಣು ಕೊಚ್ಚಿಹೋಗುವುದಿಲ್ಲ, ಬಣ್ಣ ಬಳಿಯದ ಹಳೆಯ ಗೋಡೆಯಿಂದ ಉದುರಿದ ಸುಣ್ಣದ ಗಾರೆಯನ್ನು ಪುಡಿ ಮಾಡಿ ಹಾಕಿದರೆ ನಮ್ಮ ಹುಳಿ ಮಣ್ಣಿಗೆ ಒಳ್ಳೆಯದು, ಅಡಿಕೆ ದಬ್ಬೆ ತೊಂಡೆಯ ಚಪ್ಪರವಾಗುತ್ತದೆ, ಸೋಗೆಯೂ ಹಾಳೆಯೂ ಮಡಿಗೆ ಮುಚ್ಚಿಗೆಯಾಗುತ್ತವೆ. ಬಚ್ಚಲಿನ ನೀರನ್ನು ಬಾಳೆ, ಕೆಸು, ಬಸಳೆಗೆ ತಿರುಗಿಸಿದರೆ ಬೇಸಿಗೆಯಲ್ಲಿ ಬಾವಿಯ ಮೇಲಿನ ಹೊರೆ ಎಷ್ಟೋ ಇಳಿಯುತ್ತದೆ. ಮೇ ತಿಂಗಳಲ್ಲಿ ಅರಿಶಿನ, ಶುಂಠಿ, ಸುವರ್ಣಗೆಡ್ಡೆ ಊರಿ, ಮೃಗಶಿರ ಮಳೆ ಹಿಡಿಯುವ ಹೊತ್ತಿಗೆ ಮೊಗೆಕಾಯಿ, ಹೀರೆ, ಬೆಂಡೆಯ ಬೀಜ ಹಾಕಿ. ಹರಿವೆ, ಬದನೆ, ಅಲಸಂದೆಯನ್ನು ಮಳೆ ಬಿಟ್ಟ ಮೇಲೆ ಮಾಡಿ. ಎರಡು ಮೂರು ದಿನಕ್ಕಷ್ಟೇ ಬರುವ ಗೆಳೆಯರನ್ನು ಈ ಕೆಲಸಕ್ಕೆ ಕರೆಯಬಹುದು, ಏಕೆಂದರೆ ಮಡಿ ಮಾಡುವುದರಲ್ಲಿ ಆದ ತಪ್ಪನ್ನು ಮರುದಿನ ತಿದ್ದಬಹುದು. ಆದರೆ ನೀರಿಂಗಿಸುವ ಉತ್ಸಾಹದಲ್ಲಿ ಮನೆಯ ಹಿಂದಿನ ಕಡಿದಾದ ದರೆಯ (ಮಣ್ಣಿನ ದಿಬ್ಬದ) ಮೇಲೆ ಅಗಳ (ಕಂದಕ) ತೋಡಿಸಬೇಡಿ. ಇಂಗಿದ ನೀರಿಗೆ ದರೆಯೇ ಮನೆಯ ಮೇಲೆ ಕುಸಿಯಬಹುದು.

ನಿಮ್ಮ ಸ್ಥಿತಿಯಲ್ಲಿ ನಾನಿದ್ದರೆ ಈ ಬೇಸಿಗೆಯಲ್ಲಿ ಶೌಚಾಲಯ, ಬೇಲಿ, ಸಾಮಾನಿಡಲು ಒಂದು ಸೋಗೆಯ ಚಪ್ಪರ ಇಷ್ಟನ್ನೇ ಮಾಡಿ, ಜೂನ್ ತಿಂಗಳಲ್ಲಿ ಗಿಡ ನೆಟ್ಟು, ಮಳೆಗಾಲದುದ್ದಕ್ಕೂ ಆ ಜಾಗದಲ್ಲಿ ನೀರು ಎಲ್ಲಿ ಹರಿಯುತ್ತದೆ, ಗಾಳಿಮಳೆಯ ಇರಿಚಲು ಯಾವ ಕಡೆಯಿಂದ ಹೊಡೆಯುತ್ತದೆ ಎಂದು ನೋಡುತ್ತಿದ್ದೆ. ಜನವರಿಯವರೆಗೆ ಊರಿಗೆ ಊರೇ ಅಡಿಕೆ ಕೊಯ್ಲಿನಲ್ಲಿ ಮುಳುಗಿರುವುದರಿಂದ ಮೇಸ್ತ್ರಿಯೂ ಆಳೂ ಸಿಗುವುದು ಫೆಬ್ರುವರಿಯಿಂದ. ಅಷ್ಟರೊಳಗೆ ನಿಮ್ಮ ತೊಲೆ, ಕಂಬ, ಬಾಗಿಲು, ಕಿಟಕಿಗಳ ಅಳತೆಯ ಪಟ್ಟಿ ಸಿದ್ಧವಾಗಿದ್ದರೆ, ಅದನ್ನು ಆಚಾರಿಯ ಮುಂದಿಟ್ಟು ಕೂತು ನಕ್ಷೆ ಬರೆಯಿರಿ.