ಹಾಲ್‌ಗೆ ಹೊನ್ನಿನ ಹಳದಿ ಹೊಡೆಸಬಹುದಾ?

ಪ್ರಶ್ನೆ: ನಮ್ಮದು ಮೈಸೂರಿನಲ್ಲಿ ಹಳೆಯ ಮನೆ. ಹಾಲ್ ಹನ್ನೆರಡಕ್ಕೆ ಹದಿನಾರು ಅಡಿ. ಎರಡು ಕಿಟಕಿ, ಎರಡೂ ಉತ್ತರಕ್ಕೆ. ನೆಲ ಕೆಂಪು ರೆಡ್ ಆಕ್ಸೈಡ್, ಬಾಗಿಲು ತೇಗದ್ದು. ಪುದುಚೇರಿಗೆ ಹೋಗಿದ್ದಾಗ ಅಲ್ಲಿನ ಫ್ರೆಂಚ್ ಬೀದಿಯ ಹಳದಿ ಗೋಡೆಗಳನ್ನು ನೋಡಿ ಮನಸೋತೆ. ನಮ್ಮ ಹಾಲ್‌ಗೂ ಅದೇ ಬಣ್ಣ ಬೇಕು ಅಂತ ಆಸೆ. ನಮ್ಮ ಯಜಮಾನರು "ಕಣ್ಣಿಗೆ ಹೊಡೆಯುತ್ತೆ, ಕ್ರೀಮ್ ಸಾಕು" ಅಂತಾರೆ. ಪೇಂಟರ್ "ಒಂದೇ ಗೋಡೆಗೆ ಹೊಡೆಸಿ ಮೇಡಂ" ಅಂತಾನೆ. ಯಾರ ಮಾತು ಕೇಳಲಿ?

ಉತ್ತರ: ಹೊಡೆಸಿ. ಉತ್ತರದ ಕಿಟಕಿಯಿಂದ ವರ್ಷದ ಹೆಚ್ಚಿನ ದಿನ ನೇರ ಬಿಸಿಲು ಒಳಗೆ ಬರುವುದಿಲ್ಲ, ಬರುವ ಬೆಳಕು ಸ್ವಲ್ಪ ನೀಲಿ ಛಾಯೆಯದು, ತಣ್ಣಗಿನದು. ಅಂಥ ಬೆಳಕಿನಲ್ಲಿ ತಿಳಿ ಕ್ರೀಮ್ ಬೂದಿ ಬಳಿದ ಹಾಗೆ ಮಂಕಾಗಿ ಕಾಣುತ್ತದೆ. ಹೊನ್ನಿನ ಹಳದಿ ಅಲ್ಲಿ ನಿಜಕ್ಕೂ ಚೆನ್ನಾಗಿ ಕೂರುತ್ತದೆ. ಕೆಂಪು ನೆಲ, ತೇಗದ ಮರ ಬೇರೆ ಇದೆ. ಇಷ್ಟು ಒಳ್ಳೆಯ ಜೋಡಿ ಎಲ್ಲರಿಗೂ ಸಿಗುವುದಿಲ್ಲ.

ಆದರೆ ಪುದುಚೇರಿಯ ಹಳದಿಯನ್ನು ಹಾಗೇ ಒಳಗೆ ತರಬೇಡಿ. ಅಲ್ಲಿ ಆ ಗೋಡೆಗಳು ಬೀದಿಯಲ್ಲಿವೆ, ಮೇಲೆ ಆಕಾಶ, ಮೈಮೇಲೆ ಸುಡುಬಿಸಿಲು, ಸುತ್ತ ಬಿಳಿ ಅಂಚು, ಹಾಗಾಗಿ ಅಷ್ಟು ಗಾಢ ಬಣ್ಣವೂ ಹಿತವಾಗಿ ಕಾಣುತ್ತದೆ. ಕೋಣೆಯೊಳಗೆ ನಾಲ್ಕು ಗೋಡೆಗಳು ಎದುರುಬದುರು ನಿಂತು ಒಂದರ ಹಳದಿಯನ್ನು ಇನ್ನೊಂದರ ಮೇಲೆ ಚೆಲ್ಲುತ್ತವೆ. ಅದಕ್ಕೇ ಶೇಡ್ ಕಾರ್ಡ್‌ನಲ್ಲಿ ಸೌಮ್ಯವಾಗಿ ಕಂಡ ಹಳದಿ ಗೋಡೆ ಮೇಲೆ ಜಾಸ್ತಿ ಗಾಢವಾಗುವುದು. ನಿಮ್ಮ ಯಜಮಾನರ ಭಯ ಸುಮ್ನೆ ಅಲ್ಲ. ನಿಮಗೆ ಇಷ್ಟವಾದ ಶೇಡ್‌ಗಿಂತ ಅದೇ ಕಾರ್ಡ್‌ನಲ್ಲಿ ಒಂದೆರಡು ಮೆಟ್ಟಿಲು ತಿಳಿಯಾದದ್ದನ್ನು ತೆಗೆದುಕೊಳ್ಳಿ, ಅದರಲ್ಲೂ ತುಸು ಕಂದು ಬೆರೆತಂತೆ ಇರುವುದನ್ನು ಆರಿಸಿ. ಕಾರ್ಡನ್ನು ಬಿಳಿ ಹಾಳೆ ಮೇಲಿಟ್ಟು ನೋಡಿದರೆ ಯಾವುದು ನಿಂಬೆಹಣ್ಣಿನ ಕಡೆಗೆ ವಾಲುತ್ತಿದೆ, ಯಾವುದು ಕಂದಿನ ಕಡೆಗೆ ಅಂತ ಕಣ್ಣಿಗೇ ಗೊತ್ತಾಗುತ್ತದೆ. ನಿಂಬೆ ಹಳದಿ ನಿಮ್ಮ ಹಾಲ್‌ಗೆ ಬೇಡವೇ ಬೇಡ, ಉತ್ತರದ ಬೆಳಕಿನಲ್ಲಿ ಅದು ಹಸಿರಾಗಿ ಕಾಣುತ್ತದೆ.

ನಿಮ್ಮ ನೆಲದ ವಿಷಯ ಇನ್ನೊಂದಿದೆ. ಉಜ್ಜಿ ಹೊಳಪು ಬಂದ ಕೆಂಪು ನೆಲ ಬೆಳಕನ್ನು ಮೇಲಕ್ಕೆ ಎಸೆಯುತ್ತದೆ, ಗೋಡೆಯ ಕೆಳಭಾಗ ಕೆಂಪು ಬಡಿದುಕೊಂಡು ಸ್ವಲ್ಪ ಕಿತ್ತಳೆಯಾಗುತ್ತದೆ. ಮಧ್ಯಾಹ್ನ ಸ್ಕರ್ಟಿಂಗ್ ಹತ್ತಿರ ಒಂದು ಬಿಳಿ ಹಾಳೆ ಹಿಡಿದು ನೋಡಿ, ಕಾಣಿಸುತ್ತದೆ. ಈಗಾಗಲೇ ಕಿತ್ತಳೆಗೆ ವಾಲಿದ ಹಳದಿ ಆರಿಸಿದರೆ ಆ ಭಾಗ ಪೂರ್ತಿ ಕೇಸರಿ ಆಗಿಬಿಡುತ್ತದೆ.

ಬಣ್ಣ ತರುವ ಮೊದಲು ದೀಪ ನೋಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನವರು ಪೇಂಟ್ ಮುಗಿದ ಮೇಲೆ ಸಂಜೆ ಸ್ವಿಚ್ ಹಾಕಿ ಗಾಬರಿಯಾಗುತ್ತಾರೆ. ಎಲ್‌ಇಡಿ ಡಬ್ಬದ ಮೇಲೆ 2700, 3000, 4000, 6500 ಅಂತ ಸಂಖ್ಯೆ ಇದ್ದು ಮುಂದೆ ಕೆ ಅಂತ ಬರೆದಿರುತ್ತದೆ. ಅದು ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಕಡಿಮೆಯಾದಷ್ಟು ಬೆಳಕು ಹಳದಿ, ಹೆಚ್ಚಾದಷ್ಟು ನೀಲಿ ಬಿಳಿ. ನಮ್ಮ ಬಹಳಷ್ಟು ಮನೆಗಳಲ್ಲಿ ಇರುವುದು 6500ರ ಬಿಳಿ ಟ್ಯೂಬ್. ಅದರ ಕೆಳಗೆ ಹೊನ್ನಿನ ಹಳದಿ ಕಳೆಗುಂದುತ್ತದೆ, ಒಂಥರಾ ಹಸಿರು ಮುಖ ಮಾಡುತ್ತದೆ. 2700 ಅಥವಾ 3000 ಹಾಕಿದರೆ ಅದೇ ಗೋಡೆ ಸಂಜೆ ಹೊತ್ತು ಬೆಳಗುತ್ತದೆ. ಮಕ್ಕಳು ಓದುವ ಜಾಗಕ್ಕೆ ಬೇಕಿದ್ದರೆ 4000ರದ್ದು ಒಂದು ಇರಲಿ.

ಆಮೇಲೆ ಸ್ಯಾಂಪಲ್. ಹಳೆ ಗೋಡೆ ಮೇಲೆ ನಾಲ್ಕು ತೇಪೆ ಬಳಿದು ನೋಡಬೇಡಿ, ಸುತ್ತಲಿನ ಹಳೇ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಎರಡಡಿ ಚೌಕದ ಹಾರ್ಡ್‌ಬೋರ್ಡ್‌ಗೆ ಬಿಳಿ ಪ್ರೈಮರ್ ಹೊಡೆದು, ಮೇಲೆ ಎರಡು ಕೋಟ್ ಬಣ್ಣ ಹಾಕಿ, ಪೂರ್ತಿ ಒಣಗಿಸಿ. ಕಿಟಕಿ ಪಕ್ಕ ಇಡಿ, ಕತ್ತಲೆ ಮೂಲೆಗೆ ಒಯ್ಯಿರಿ, ನೆಲಕ್ಕೆ ಆನಿಸಿ ನಿಲ್ಲಿಸಿ. ಬೆಳಿಗ್ಗೆ ನೋಡಿ, ನಾಲ್ಕು ಗಂಟೆಗೆ ನೋಡಿ, ರಾತ್ರಿ ದೀಪ ಹಾಕಿ ನೋಡಿ. ಯಜಮಾನರನ್ನೂ ಕೂರಿಸಿ ತೋರಿಸಿ, ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಒಂದೇ ಗೋಡೆ ಅನ್ನೋ ಸಲಹೆ ನನಗೆ ಅಷ್ಟು ಒಪ್ಪಿಗೆಯಿಲ್ಲ. ಮೂರು ಗೋಡೆ ಬೆಳ್ಳಗೆ, ಒಂದು ಗಾಢ ಹಳದಿ ಆದರೆ ಕಣ್ಣು ಸದಾ ಅಲ್ಲೇ ಹೋಗಿ ನಿಲ್ಲುತ್ತದೆ. ತಿಳಿಯಾದ ಶೇಡ್ ನಾಲ್ಕೂ ಕಡೆ ಬಂದರೆ ಮನೆ ಬೆಚ್ಚಗಾಗುತ್ತದೆ. ಒಂದೇ ಗೋಡೆ ಅಂತಲೇ ತೀರ್ಮಾನವಾದರೆ ಕಿಟಕಿಯ ಎದುರಿನದನ್ನು ಆರಿಸಿ. ಕಿಟಕಿ ಇರುವ ಗೋಡೆ ಹಗಲು ಹೊತ್ತು ನೆರಳಿನಲ್ಲೇ ಇರುತ್ತದೆ, ಅಲ್ಲಿ ಹಳದಿ ಕೊಳಕಾಗಿ ಕಾಣುತ್ತದೆ. ಸೀಲಿಂಗ್‌ಗೆ ಝಗಮಗಿಸುವ ಬಿಳಿ ಬೇಡ, ಹಾಲು ಬಿಳಿ ಸಾಕು. ಗೋಡೆ ಏರುತಗ್ಗಾಗಿದ್ದರೆ ಮ್ಯಾಟ್ ತಗೊಳ್ಳಿ. ಹೊಳಪಿನ ಪೇಂಟ್ ಪುಟ್ಟಿಯ ಪ್ರತಿ ಉಬ್ಬನ್ನೂ ತೋರಿಸುತ್ತದೆ. ತೇಗದ ಬಾಗಿಲಿಗೆ ದಯವಿಟ್ಟು ಬಣ್ಣ ಬಳಿಯಬೇಡಿ.

ಪ್ರಶ್ನೆ: ಸಾಗರದ ನಮ್ಮ ಮನೆಯಲ್ಲಿ ನೀಲಿ ಗೋಡೆಗೆ ಹಳದಿ ಹೊಡೆಸಿದೆವು. ಮೂರು ಕೋಟ್ ಆದರೂ ಪಟ್ಟೆಪಟ್ಟೆಯಾಗಿ ಕಾಣುತ್ತಿದೆ. ಪೇಂಟ್ ಕಳಪೆಯಾ?

ಉತ್ತರ: ಇರಲಿಕ್ಕಿಲ್ಲ. ಹಿಂದಿನ ಬಣ್ಣವನ್ನು ಮುಚ್ಚುವ ಕೆಲಸ ಮಾಡುವುದು ಮುಖ್ಯವಾಗಿ ಟೈಟಾನಿಯಂ ಡೈಆಕ್ಸೈಡ್ ಅನ್ನೋ ಬಿಳಿ ಪುಡಿ. ಕಡು ಹಳದಿ ಬರಬೇಕಾದರೆ ಅಂಗಡಿಯವರು ಆ ಬಿಳಿ ತೀರ ಕಡಿಮೆ ಇರುವ ಬೇಸ್‌ಗೆ ಬಣ್ಣ ಬೆರೆಸುತ್ತಾರೆ, ಹಾಗಾಗಿ ಕೆಳಗಿನ ನೀಲಿ ಇಣುಕುತ್ತದೆ. ನಾಲ್ಕನೇ ಕೋಟ್‌ಗೆ ದುಡ್ಡು ಹಾಕಬೇಡಿ. ಬಿಳಿ ಪ್ರೈಮರ್ ಹೊಡೆಸಿ, ಅದಕ್ಕೆ ಇದೇ ಹಳದಿ ಸ್ವಲ್ಪ ಬೆರೆಸಿದರೆ ಇನ್ನೂ ಒಳ್ಳೆಯದು, ಆಮೇಲೆ ಎರಡು ಕೋಟ್ ಹಾಕಿ. ಮಣ್ಣಿನ ಛಾಯೆಯ ಹಳದಿಗೆ ಸಾಮಾನ್ಯವಾಗಿ ಕಬ್ಬಿಣದ ಆಕ್ಸೈಡ್ ಬಳಸುತ್ತಾರೆ. ಅದು ಚೆನ್ನಾಗಿ ಮುಚ್ಚುತ್ತದೆ, ಬಿಸಿಲಿಗೆ ಬೇಗ ಮಾಸುವುದೂ ಇಲ್ಲ.

ಹೊಸದಾಗಿ ಗಾರೆ ಮಾಡಿಸಿದ ಗೋಡೆಯಿದ್ದರೆ ಕನಿಷ್ಠ 28 ದಿನ ಬಿಡಿ. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುವುದನ್ನು ಓಕುಳಿ ಕಲಸಿದವರೆಲ್ಲ ನೋಡಿದ್ದೀರಿ ಅಲ್ವಾ? ಹಸಿ ಸಿಮೆಂಟಿನಲ್ಲೂ ಅಂಥದ್ದೇ ಕ್ಷಾರ ಇರುತ್ತದೆ, ಕೆಲವು ಬಣ್ಣಗಳನ್ನು ಅದು ಕೆಡಿಸುತ್ತದೆ. ನಿಮ್ಮ ಕಡೆ ಮಳೆಗಾಲ ಬೇರೆ. ಗೋಡೆಯಲ್ಲಿ ತೇವ ಇರುವಾಗ ಪೇಂಟ್ ಬೇಡ, ಡಿಸೆಂಬರ್‌ವರೆಗೆ ಕಾಯಿರಿ.

ಪ್ರಶ್ನೆ: ಅಜ್ಜನ ಕಾಲದ ಮನೆ. ಕಿಟಕಿಗಳಿಗೆ ಹಳೇ ಹಳದಿ ಎಣ್ಣೆ ಬಣ್ಣ ಇದೆ, ಪದರ ಏಳುತ್ತಿದೆ. ನಾನೇ ಉಜ್ಜಿ ತೆಗೆದು ಹೊಸ ಹಳದಿ ಹಚ್ಚಬೇಕೆಂದಿದ್ದೇನೆ. ಮನೆಯಲ್ಲಿ ಎರಡು ವರ್ಷದ ಮಗು ಇದೆ.

ಉತ್ತರ: ಒಣ ಎಮರಿ ಪೇಪರ್ ಮುಟ್ಟಬೇಡಿ. ಹಿಂದೆ ಹಳದಿ ಎಣ್ಣೆ ಬಣ್ಣಕ್ಕೆ ಸೀಸದ ಕ್ರೋಮೇಟ್ ಅನ್ನೋ ಹಳದಿ ಪುಡಿ ಹಾಕುವುದು ಸಾಮಾನ್ಯವಾಗಿತ್ತು. ಮನೆ ಪೇಂಟ್‌ನಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 90 ಪಾಲು, ಮೀರಬಾರದು ಅನ್ನೋ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಉಜ್ಜಿದಾಗ ಏಳುವ ಧೂಳು ನೆಲದಲ್ಲಿ ಕೂರುತ್ತದೆ, ಅಂಬೆಗಾಲಿಡುವ, ಕೈ ಬಾಯಿಗಿಡುವ ಮಗುವಿನ ಹೊಟ್ಟೆಗೆ ಹೋಗುತ್ತದೆ. ಅದು ಮಗುವಿನ ಮಿದುಳಿನ ಬೆಳವಣಿಗೆಗೇ ಕೇಡು.

ಕೆಲಸ ಮುಗಿಯುವವರೆಗೆ ಮಗುವನ್ನು, ಬಸುರಿಯರಿದ್ದರೆ ಅವರನ್ನೂ ಬೇರೆ ಮನೆಯಲ್ಲಿ ಇರಿಸಿ. ಕೆಳಗೆ ಪ್ಲಾಸ್ಟಿಕ್ ಹಾಸಿ, ಒಳ್ಳೆಯ ಮಾಸ್ಕ್ ಹಾಕಿಕೊಂಡು, ನೀರು ಚಿಮುಕಿಸುತ್ತಾ ಸಡಿಲವಾದ ಪದರವನ್ನಷ್ಟೇ ಒದ್ದೆಯಾಗಿಯೇ ಕೆರೆದು ತೆಗೆಯಿರಿ. ಗಟ್ಟಿಯಾಗಿ ಹಿಡಿದಿರುವ ಬಣ್ಣವನ್ನು ಕೀಳಲು ಹೋಗಬೇಡಿ, ಅದರ ಮೇಲೆಯೇ ಪ್ರೈಮರ್ ಹೊಡೆಯಬಹುದು. ಬೆಂಕಿ ಹಿಡಿದು ಸುಲಿಯುವುದಂತೂ ಬೇಡ. ಕೆರೆದದ್ದನ್ನು ಪ್ಲಾಸ್ಟಿಕ್ ಸಮೇತ ಮಡಚಿ ಕಟ್ಟಿ. ಪೊರಕೆ ಹಾಕದೆ ನೆಲವನ್ನು ಒದ್ದೆ ಬಟ್ಟೆಯಲ್ಲಿ ಎರಡು ಮೂರು ಸಲ ಒರೆಸಿ, ಆ ಬಟ್ಟೆಯನ್ನೂ ಬಿಸಾಡಿ. ಹೊಸ ಡಬ್ಬ ಕೊಳ್ಳುವಾಗ ಅದರ ಮೇಲೆ ಸೀಸದ ಪ್ರಮಾಣ ಬರೆದಿದೆಯಾ ಅಂತ ಓದಿ ನೋಡಿ.